ನಾಯಿಮರಿಯ ಹೊಟ್ಟೆ ಉಬ್ಬಿದೆ, ಮೈ ಮಾತ್ರ ಬಂದಿಲ್ಲ

2023ರ ಜೂನ್ ತಿಂಗಳ ಕೊನೆಯ ಶನಿವಾರ ಸಂಜೆ, ಬಿಡದೆ ಸುರಿಯುವ ಮಳೆಯಲ್ಲಿ, ಚರ್ಚಿನ ಗೇಟಿನ ಹೊರಗೆ ಯಾರೋ ಒಂದು ಸಿಮೆಂಟ್ ಚೀಲ ಬಿಟ್ಟು ಹೋಗಿದ್ದರು. ಒಳಗೆ ಎರಡು ನಾಯಿಮರಿಗಳು, ಎರಡೂ ಹೆಣ್ಣು. ಗಂಡಾಗಿದ್ದರೆ ತೋಟ ಕಾಯಲೆಂದು ಯಾರಾದರೂ ಇಟ್ಟುಕೊಳ್ಳುತ್ತಿದ್ದರು, ಚೀಲ ಸೇರುತ್ತಿರಲಿಲ್ಲ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹೊಟ್ಟೆ ಮಾತ್ರ ತಂಬಿಗೆಯಂತೆ ದುಂಡಗಿತ್ತು. ನೋಡಿ ಬಿಟ್ಟು ಬರಲು ಮನಸ್ಸಾಗದೆ ಮನೆಗೆ ತಂದೆವು.

ತಂದ ಮೇಲೆ ನಾವು ಮಾಡಿದ ಮೊದಲ ಕೆಲಸವೇ ತಪ್ಪು. ಪಾಪ, ಹಸಿದಿವೆ ಎಂದು ಒಂದು ದೊಡ್ಡ ತಟ್ಟೆ ತುಂಬ ಗಂಜಿಗೆ ದನದ ಹಾಲು ಬೆರೆಸಿ ಇಟ್ಟೆವು. ಎರಡೂ ಮರಿಗಳು ತಟ್ಟೆಯೊಳಗೇ ಕಾಲಿಟ್ಟು ನೆಕ್ಕಿ ಮುಗಿಸಿದವು. ರಾತ್ರಿಯಿಡೀ ಭೇದಿ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಚಿಕ್ಕದು ಏಳಲಾರದೆ ಮಲಗಿತು. ಒಸಡು ಬಿಳಿಚಿಕೊಂಡಿದ್ದುದನ್ನು ಮನೆಯ ಹುಡುಗಿ ತೋರಿಸಿದಳು. ಇಂದು ಮೃಗಾಸ್ಪತ್ರೆ ಇಲ್ಲ, ನಾಳೆ ಬೆಳಿಗ್ಗೆ ಹೋಗೋಣ ಎಂದೆವು. ಸೋಮವಾರ ಬೆಳಕು ಹರಿಯುವ ಮೊದಲೇ ಅದು ತೀರಿಕೊಂಡಿತು. ಉಳಿದ ಒಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಂಚಾಯತಿನ ಮೃಗಾಸ್ಪತ್ರೆಗೆ ಓಡಿದೆವು.

ಅಲ್ಲಿಯ ಡಾಕ್ಟರು ತೆಂಕಣ ಜಿಲ್ಲೆಯವರು. ಅವರ ಮಲಯಾಳ ನಮಗೆ ಅರ್ಧ, ನಮ್ಮ ಕನ್ನಡ ಅವರಿಗೆ ಕಾಲು ಭಾಗ ಅರ್ಥವಾಗುತ್ತದೆ. ಆದರೂ ತಾಳ್ಮೆಯಿಂದ ಬಿಡಿಸಿ ಹೇಳಿದರು. ಬರೆದುಕೊಟ್ಟ ಚೀಟಿಯನ್ನು ಓದಲಾಗದೆ ಔಷಧವನ್ನು ಅಂದಾಜಿನ ಮೇಲೆ ಕುಡಿಸುವ ಮನೆಗಳು ನಮ್ಮಲ್ಲಿ ಹಲವು ಇವೆ. ಆದುದರಿಂದ ಅವರು ಹೇಳಿದ್ದನ್ನೂ, ಅನಂತರದ ತಿಂಗಳುಗಳಲ್ಲಿ ನಾವು ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಮರಿಯ ಉಬ್ಬಿದ ಹೊಟ್ಟೆ ಪುಷ್ಟಿಯ ಗುರುತಲ್ಲ. ಮೈ ಒಣಗಿ ಹೊಟ್ಟೆ ಮಾತ್ರ ದುಂಡಗಿದ್ದರೆ ಒಳಗೆ ಹುಳಗಳಿವೆಯೆಂದು ಮೊದಲು ಸಂಶಯಪಡಬೇಕು. ದುಂಡುಹುಳವು ಮರಿಗೆ ತಾಯಿಯ ಗರ್ಭದಲ್ಲಿರುವಾಗಲೇ ಬರುತ್ತದೆ, ಹಾಲಿನಿಂದಲೂ ಬರುತ್ತದೆ. ಕೊಕ್ಕೆಹುಳವೂ ತಾಯಿಯ ಹಾಲಿನ ಮೂಲಕ ದಾಟುತ್ತದೆ. ಈ ಹುಳಗಳ ಮರಿಗಳು ತಾಯಿನಾಯಿಯ ಮಾಂಸಖಂಡಗಳಲ್ಲಿ ಸುಮ್ಮನೆ ಅಡಗಿದ್ದು, ಅದು ಗಬ್ಬವಾದಾಗ ಎಚ್ಚರಗೊಳ್ಳುತ್ತವೆ. ಆದ್ದರಿಂದ ‘ನಮ್ಮ ನಾಯಿ ಮನೆಯಲ್ಲೇ ಇರುತ್ತದೆ, ಚೊಕ್ಕವಾಗಿದೆ’ ಎಂದರೆ ಸಾಲದು. ಅದರ ಮರಿಗಳಿಗೂ ಹುಳ ಇರಬಹುದು. ದುಂಡುಹುಳ ಮರಿಯ ಅನ್ನವನ್ನು ತಿನ್ನುತ್ತದೆ. ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ರಕ್ತವನ್ನೇ ಹೀರುತ್ತದೆ. ಒಸಡು ಬಿಳಿಚುವುದು, ಮಲ ಕಪ್ಪಾಗಿ ಡಾಮರಿನಂತಿರುವುದು ಇದರ ಲಕ್ಷಣ. ನಮ್ಮ ಚಿಕ್ಕ ಮರಿ ಸತ್ತದ್ದು ಬಹುಶಃ ಇದರಿಂದಲೇ. ಒಸಡು ಬಿಳಿಚಿದ ಮರಿಗೆ ನಾಳೆಯವರೆಗೆ ಕಾಯುವ ಶಕ್ತಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನಮಗೆ ತಲೆ ತಗ್ಗಿಸುವಂತಾಯಿತು. ಅಂಥ ಮರಿ ಕಂಡರೆ ರಜೆಯ ದಿನವೆಂದು ಸುಮ್ಮನಿರಬೇಡಿ, ಖಾಸಗಿ ಪಶುವೈದ್ಯರಿದ್ದರೆ ಫೋನು ಮಾಡಿ.

ಹುಳದ ಔಷಧವನ್ನು ಮರಿಗೆ ಎರಡು ವಾರವಾದಾಗಲೇ ಆರಂಭಿಸಿ, ಎರಡೆರಡು ವಾರಕ್ಕೊಮ್ಮೆ ಮೂರು ತಿಂಗಳ ತನಕ, ಆಮೇಲೆ ಆರು ತಿಂಗಳ ತನಕ ತಿಂಗಳಿಗೊಮ್ಮೆ ಕೊಡಬೇಕು. ಒಂದೇ ಸಲ ಕೊಟ್ಟು ಬಿಟ್ಟರೆ ಸಾಲದು. ದೇಹದೊಳಗೆ ಅಡಗಿದ್ದವು ಮತ್ತೆ ಕರುಳಿಗೆ ಇಳಿಯುತ್ತವೆ. ಅಳತೆ ತೂಕದ ಮೇಲೆ, ಮಿಲಿ ಲೆಕ್ಕದಲ್ಲಿ. ಚಮಚದಲ್ಲಿ ಅಂದಾಜು ಮಾಡದೆ ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆದು ಬಾಯಿಯ ಬದಿಗೆ ನಿಧಾನವಾಗಿ ಬಿಡಿ. ಮಕ್ಕಳಿಗೆ ಶಾಲೆಯಲ್ಲಿ ಕೊಟ್ಟ ಹುಳದ ಮಾತ್ರೆಯನ್ನು ಮುರಿದು ಹಾಕುವುದು, ದನಕ್ಕೆ ತಂದ ಉಣುಗಿನ ಮದ್ದನ್ನು ಮರಿಗೆ ಹಚ್ಚುವುದು, ಸೀಮೆಎಣ್ಣೆ ಸವರುವುದು, ಇವೆಲ್ಲ ನಮ್ಮ ಊರಿನಲ್ಲಿ ಈಗಲೂ ನಡೆಯುತ್ತಿವೆ. ದನದ ಮದ್ದಿನಿಂದ ಮರಿಗೆ ವಿಷವೇರಿ ಜೀವವೇ ಹೋಗಬಹುದು. ಹಾಗೆಂದು ಉಣುಗು, ಚಿಗಟಗಳನ್ನು ಬಿಡುವಂತೆಯೂ ಇಲ್ಲ. ಅವು ಹೀರುವ ರಕ್ತವೂ ಆ ಸಣ್ಣ ದೇಹದ್ದೇ. ಬಾಚಣಿಗೆಯಿಂದ ಬಾಚಿ, ಚಿಮಟದಿಂದ ಹೆಕ್ಕಿ, ಮರಿಯ ವಯಸ್ಸಿಗೆ ಹೊಂದುವ ಮದ್ದನ್ನು ಕೇಳಿ ತನ್ನಿ.

ಇನ್ನು ಊಟದ ವಿಷಯ. ನೆರೆಮನೆಯ ಅಜ್ಜಿ ನಮ್ಮ ಮರಿಯನ್ನು ನೋಡಿ, ‘ಗಂಜಿ ತೆಳಿ ಚೆನ್ನಾಗಿ ಕೊಡಿ ಮಾರಾಯ್ರೆ, ಮೈ ಬರುತ್ತದೆ’ ಎಂದರು. ಅವರ ಕಾಲದಲ್ಲಿ ನಾಯಿಗಳು ತೆಳಿ ಕುಡಿದೇ ಬದುಕಿದ್ದವು ನಿಜ. ಆದರೆ ಎಷ್ಟು ಮರಿಗಳು ಬದುಕಲಿಲ್ಲ ಎಂಬ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ತೆಳಿಯಲ್ಲಿ ಹೆಚ್ಚಿನದು ನೀರು. ಬೆಳೆಯುವ ಮರಿಗೆ, ತೂಕದ ಪ್ರತಿ ಕಿಲೋಗೆ ಲೆಕ್ಕ ಹಾಕಿದರೆ, ದೊಡ್ಡ ನಾಯಿಗಿಂತ ಸುಮಾರು ಎರಡು ಪಟ್ಟು ಆಹಾರಶಕ್ತಿ ಬೇಕು. ಅದರ ಹೊಟ್ಟೆಯೋ ನಮ್ಮ ಮುಷ್ಟಿಯಷ್ಟು. ಆ ಜಾಗವನ್ನು ನೀರಿನಿಂದ ತುಂಬಿಸಿದರೆ ಮರಿ ಹೊಟ್ಟೆ ತುಂಬಿಯೂ ಹಸಿದಿರುತ್ತದೆ. ದನದ ಹಾಲೂ ತಾಯಿಹಾಲಿಗೆ ಸಮವಲ್ಲ. ನಾಯಿಯ ಹಾಲಿನಲ್ಲಿರುವ ಪ್ರೋಟೀನು, ಕೊಬ್ಬಿನ ಅರ್ಧದಷ್ಟೂ ಅದರಲ್ಲಿ ಇಲ್ಲ, ಹಾಲಿನ ಸಕ್ಕರೆ ಮಾತ್ರ ಹೆಚ್ಚು. ನಮ್ಮ ಮನೆಯ ಭೇದಿಗೆ ಒಂದು ಕಾರಣ ಅದು, ಇನ್ನೊಂದು ಹಸಿದ ಹೊಟ್ಟೆಗೆ ಒಮ್ಮೆಲೇ ಸುರಿದದ್ದು. ಕೊಡಲೇಬೇಕೆಂದಿದ್ದರೆ ಎರಡು ಚಮಚ ಹುಳಿಯಿಲ್ಲದ ಮೊಸರು ವಾಸಿ.

ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ಊಟ. ತಣ್ಣಗಾದ ಮರಿಗೆ ತಿನ್ನಿಸಿದ್ದು ಜೀರ್ಣವಾಗುವುದಿಲ್ಲ. ನಾವು ಬಚ್ಚಲಿನ ಒಲೆಯ ಹತ್ತಿರ ಬೈಹುಲ್ಲು ಹಾಸಿ, ಮೇಲೆ ಗೋಣಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಟ್ಟೆವು. ಮರಿ ತೀರಾ ಸೊರಗಿ ಜೋಲುತ್ತಿದ್ದರೆ ಸಕ್ಕರೆ ನೀರನ್ನೋ ಜೇನನ್ನೋ ಬೆರಳಿನಿಂದ ಒಸಡಿಗೆ ಸವರಿ ಡಾಕ್ಟರಲ್ಲಿಗೆ ಒಯ್ಯಬೇಕು. ನುಂಗಲಾರದ ಮರಿಯ ಗಂಟಲಿಗೆ ನೀರು ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಊಟ. ಮೊದಲ ಮೂರು ದಿನ ನಾವು ಒಂದೊಂದು ಸಲಕ್ಕೆ ಎರಡೇ ದೊಡ್ಡ ಚಮಚದಷ್ಟು ಕೊಟ್ಟು, ಮಲ ಗಟ್ಟಿಯಾದ ಹಾಗೆ ಸ್ವಲ್ಪ ಸ್ವಲ್ಪ ಏರಿಸಿದೆವು. ಮೆತ್ತಗೆ ಬೇಯಿಸಿದ ಕುಚ್ಚಲಕ್ಕಿ ಅನ್ನ ಒಂದು ಪಾಲು, ಬೇಯಿಸಿದ ಕೋಳಿಮಾಂಸವೋ ಮೊಟ್ಟೆಯೋ ಮೀನೋ ಒಂದು ಪಾಲು, ಒಂದು ತುಂಡು ಚೀನಿಕಾಯಿ, ಎಲ್ಲವನ್ನೂ ಕೈಯಿಂದ ಹಿಸುಕಿ ಉಗುರು ಬೆಚ್ಚಗೆ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆಯುತ್ತವೆ. ಆದುದರಿಂದ ಮನೆಯಲ್ಲಿ ಮಿಕ್ಕಿದ ಮೀನುಸಾರು ಮರಿಗಲ್ಲ. ಬೂತಾಯಿ ಅಗ್ಗವಾದ ದಿನ ಬೇಯಿಸಿ ಮುಳ್ಳು ಬಿಡಿಸಿ ಕೊಟ್ಟೆವು. ಹಸಿಮೀನು ಕೊಡಬಾರದು, ಒಣಮೀನು ಬೇಡವೇ ಬೇಡ, ಅದರ ಉಪ್ಪನ್ನು ನಾವೇ ತಡೆದುಕೊಳ್ಳಲಾರೆವು. ಬೇಯಿಸಿದ ಕೋಳಿಯ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ. ಕೋಳಿ ಅಂಗಡಿಯವರು ಪ್ರೀತಿಯಿಂದ ಕೊಡುವ ಲಿವರು ಒಳ್ಳೆಯದೇ, ಆದರೆ ವಾರಕ್ಕೆ ಒಂದೆರಡು ಸಲ ಸಾಕು.

ಇಲ್ಲಿ ಒಂದು ಮಾತು ಮರೆಯುವಂತಿಲ್ಲ. ಅನ್ನ ಮತ್ತು ಮಾಂಸ ಮಾತ್ರ ತಿಂದ ಮರಿಗೆ ಮೈ ಬರುತ್ತದೆ, ಎಲುಬು ಬರುವುದಿಲ್ಲ. ಮಾಂಸದಲ್ಲಿ ರಂಜಕ ಬಹಳ, ಸುಣ್ಣದ ಅಂಶ ತೀರಾ ಕಡಿಮೆ. ದೇಹವು ಕೊರತೆಯನ್ನು ಎಲುಬಿನಿಂದಲೇ ತೆಗೆಯುತ್ತದೆ. ಮುಂಗಾಲು ಸೊಟ್ಟಗಾಗಿ ನಡೆಯುವ ಕೊಬ್ಬಿದ ಮರಿಗಳನ್ನು ನೀವೂ ನೋಡಿರಬಹುದು. ಅದಕ್ಕಾಗಿ ಡಾಕ್ಟರು ಕ್ಯಾಲ್ಸಿಯಂ ಬರೆದರು, ತೂಕ ನೋಡಿ ಅಳತೆಯನ್ನೂ ಹೇಳಿದರು. ಅಳತೆ ಮೀರಿದರೂ ಎಲುಬಿಗೆ ತೊಂದರೆಯೇ. ಪೇಟೆಯ ಪ್ಯಾಕೆಟ್ ಆಹಾರ ಕೊಡುವವರು ಮರಿಗಳದ್ದೆಂದು ಬರೆದಿರುವುದನ್ನೇ ತಂದು, ಬಿಸಿನೀರಿನಲ್ಲಿ ನೆನೆಸಿ ಕೊಡಲಿ. ಅದರಲ್ಲಿ ಎಲ್ಲ ಲೆಕ್ಕ ಹಾಕಿ ಸೇರಿಸಿರುತ್ತಾರೆ, ಬೇರೆ ಕ್ಯಾಲ್ಸಿಯಂ ಬೇಡ. ಬೆಲೆ ಹೆಚ್ಚೆಂಬುದು ನಮ್ಮ ದೂರು. ಸಾಮರ್ಥ್ಯವಿದ್ದವರಿಗೆ ಅದುವೇ ಸುಲಭ.

ತೂಕ ನೋಡುವುದನ್ನು ಬಿಡಬೇಡಿ. ನಾವು ಪ್ರತಿ ಸೋಮವಾರ ಮರಿಯನ್ನು ಬುಟ್ಟಿಯಲ್ಲಿ ಕೂರಿಸಿ ಜಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಒಯ್ಯುತ್ತಿದ್ದೆವು. ಮೊದಲ ದಿನ 1 ಕಿಲೋ 400 ಗ್ರಾಂ. ಹಲ್ಲು ನೋಡಿ ಏಳು ವಾರದ್ದೆಂದು ಡಾಕ್ಟರು ಹೇಳಿದ್ದರು. ಒಂದು ವಾರದ ಮೇಲೆ ಕೇವಲ 50 ಗ್ರಾಂ ಹೆಚ್ಚಿತ್ತು, ನಮಗೆ ನಿರಾಸೆಯಾಯಿತು. ಆದರೆ ಆ ವಾರ ಹುಳಗಳು ಬಿದ್ದು ಹೊಟ್ಟೆ ಇಳಿದಿತ್ತು, ಬೆನ್ನಿನ ಮೇಲೆ ಸ್ವಲ್ಪ ಮಾಂಸ ಕೂತಿತ್ತು. ಮುಂದಿನ ವಾರ 1 ಕಿಲೋ 750. ತಿಂಗಳಾಗುವಾಗ ಎರಡೂವರೆ ಕಿಲೋ. ‘ಇವತ್ತು ಎಷ್ಟು?’ ಎಂದು ಅಂಗಡಿಯವರೇ ಕೇಳತೊಡಗಿದರು. ಅಂಗೈಯಿಂದ ಸವರಿದಾಗ ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಅಲ್ಲಿಗೆ ತಲಪಿದರೆ ಸಾಕು, ಅದಕ್ಕಿಂತ ಕೊಬ್ಬಿಸುವುದು ಬೇಡ. ಚೆನ್ನಾಗಿ ತಿಂದು, ಹುಳದ ಔಷಧವೂ ಆಗಿ, ಎರಡು ವಾರ ತೂಕ ಏರದಿದ್ದರೆ ಬೇರೆ ಕಾಯಿಲೆ ಇರಬಹುದು, ಮಲಪರೀಕ್ಷೆ ಮಾಡಿಸಿ.

ಲಸಿಕೆಯನ್ನು ಆರರಿಂದ ಎಂಟು ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದ ತನಕ ಹಾಕಿಸಬೇಕು. ನಮ್ಮ ಮರಿ ಸೊರಗಿದ್ದುದರಿಂದ ಡಾಕ್ಟರು ಹತ್ತು ದಿನ ಮುಂದೂಡಿದರು. ಪಾರ್ವೋ ಎಂಬ ರಕ್ತಭೇದಿಯ ರೋಗಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಹಿಂದೆ ಮರಿ ಸತ್ತ ಜಾಗಕ್ಕೆ ಹೊಸ ಮರಿ ತರುವವರು ಇದನ್ನು ನೆನಪಿಡಬೇಕು. ಸಿಮೆಂಟ್ ನೆಲವಾದರೆ ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಬಹುದು. ಮೂರು ತಿಂಗಳಾದಾಗ ರೇಬೀಸ್ ಲಸಿಕೆ. ಕೇರಳದ 1998ರ ಪಂಚಾಯತ್ ನಿಯಮದಂತೆ ನಾಯಿ ಸಾಕುವವರು ಲೈಸೆನ್ಸ್ ಪಡೆಯಬೇಕು, ಅದಕ್ಕೆ ಈ ಲಸಿಕೆಯ ದಾಖಲೆ ಬೇಕು.

ಮಕ್ಕಳಿರುವ ಮನೆಯವರು ಇದನ್ನು ಎರಡು ಸಲ ಓದಲಿ. ನಾಯಿಯ ದುಂಡುಹುಳದ ಮೊಟ್ಟೆ ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆ ಮಕ್ಕಳ ಬಾಯಿಗೆ ಹೋದರೆ ಹುಳದ ಮರಿ ಅವರ ಈಲಿಗೆ, ಕೆಲವೊಮ್ಮೆ ಕಣ್ಣಿಗೂ ಹೋಗಬಹುದು. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮದೊಳಗೆ ಹೊಕ್ಕು ತುರಿಕೆಯ ಗೆರೆ ಎಳೆಯುತ್ತದೆ. ಒದ್ದೆ ತೋಟದಲ್ಲಿ ಬರಿಗಾಲಿನಲ್ಲಿ ಅಡಿಕೆ ಹೆಕ್ಕುವವರು ನಾವು. ಮರಿಯ ಮಲವನ್ನು ದಿನವೂ ತೆಗೆದು ಹೂತರೆ ಮೊಟ್ಟೆ ಬಲಿಯುವ ಮೊದಲೇ ಅಂಗಳ ಶುದ್ಧ. ಇನ್ನು ಕಚ್ಚುವ ವಿಷಯ. ಮರಿಯಲ್ಲವೇ, ಆಟಕ್ಕೆ ಕಚ್ಚಿತು ಎಂದು ಬಿಡುವವರಿದ್ದಾರೆ. ಮರಿಗೂ ರೇಬೀಸ್ ಬರುತ್ತದೆ. ಬೀದಿಯಿಂದ ತಂದ ಮರಿ ಕಚ್ಚಿದರೆ, ಹಲ್ಲು ತಾಗಿ ಗೀರಿದರೂ, ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. 2022ರಲ್ಲಿ ಕೇರಳದಲ್ಲಿ ರೇಬೀಸಿನಿಂದ ಜನ ಸತ್ತು, ಸೆಪ್ಟೆಂಬರಿನಲ್ಲಿ ನಾಯಿಗಳಿಗೆ ಸಾಮೂಹಿಕ ಲಸಿಕೆ ಆರಂಭಿಸಿದ್ದು ಹೆಚ್ಚಿನವರಿಗೆ ನೆನಪಿರಬಹುದು. ಆ ಚೀಲವನ್ನು ಬಿಚ್ಚಿದ ದಿನ ನಮ್ಮ ಹುಡುಗಿಯ ಬೆರಳಿಗೂ ಹಲ್ಲು ತಾಗಿತ್ತು. ಸೋಮವಾರ ಮರಿಯ ಡಾಕ್ಟರು ಕೇಳಿದಾಗಲೇ ನಮಗೆ ಅದರ ನೆನಪಾದದ್ದು. ಅವಳ ಚುಚ್ಚುಮದ್ದುಗಳೆಲ್ಲ ಆದವು.

ಮರಿಗೆ ಚುಕ್ಕಿ ಎಂದು ಹೆಸರಿಟ್ಟೆವು. ಹೆಣ್ಣು ನಾಯಿ ಬೇಡವೆನ್ನುವವರ ಭಯ ಒಂದೇ, ವರ್ಷಕ್ಕೆ ಎರಡು ಸಲ ಮರಿ ಹಾಕುತ್ತದೆ ಎಂದು. ಅದಕ್ಕೆ ಉಪಾಯವಿದೆ. 2024ರ ಜನವರಿಯಲ್ಲಿ ಚುಕ್ಕಿಗೆ ಆಪರೇಷನ್ ಮಾಡಿಸಿದೆವು. ಹತ್ತು ದಿನ, ಹೊಲಿಗೆ ಮಾಯುವ ತನಕ, ತೋಟಕ್ಕೆ ಬಿಡಲಿಲ್ಲ. ಹನ್ನೊಂದನೆಯ ದಿನ ಸೋಗೆಯ ರಾಶಿಯಿಂದ ಒಂದು ಮುಂಗುಸಿಯನ್ನು ಎಬ್ಬಿಸಿ ಓಡಿಸಿತು. ಅಂಗಡಿಯ ತಕ್ಕಡಿಯಲ್ಲಿ ಈಗ ಅದು ಕೂರುವುದಿಲ್ಲ. ಅಡಿಕೆ ಮೂಟೆ ತೂಗುವ ಕಾಟಾದ ಮೇಲೆ ಹಿಡಿದು ನಿಲ್ಲಿಸಿದಾಗ ಹದಿಮೂರು ಕಿಲೋ ಬಂತು.