ಅಂದು ಬೇಡವಾದ ಕಾರು, ಇಂದು ಕೋಟಿಯ ಒಡವೆ

ಬಹಳ ಮಂದಿಗೆ ಬೇಕಾದ ವಸ್ತುವಿಗೆ ಬೆಲೆ ಹೆಚ್ಚು ಎಂಬುದು ಸಂತೆಯ ನಿಯಮ. ಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳಿಕೊಡುವುದೂ ಅದನ್ನೇ. ಆದರೆ ಹುಟ್ಟಿದ ಕಾಲದಲ್ಲಿ ಕೊಳ್ಳುವವರಿಲ್ಲದೆ ಹೋದುದರಿಂದಲೇ ಮುಂದೆ ಬೆಲೆಬಾಳಿದ ವಸ್ತುಗಳೂ ಲೋಕದಲ್ಲಿ ಉಂಟು. 1971ರಲ್ಲಿ ಅಮೆರಿಕದ ಪ್ಲಿಮತ್ ಹೆಸರಿನಲ್ಲಿ ಹೊರಬಂದ 'ಹೆಮಿ ಕುಡ' ಎಂಬ ಮಾಡು ಮಡಚುವ ಕಾರು ಅಂಥವುಗಳಲ್ಲೊಂದು. 2014ರಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ ಇಂಥ ಒಂದು ಕಾರು 35 ಲಕ್ಷ ಡಾಲರಿನ ಕೂಗಿಗೆ ಹೋಯಿತು. ಅಂದಿನ ವಿನಿಮಯದ ಲೆಕ್ಕದಲ್ಲಿ ಅದು ಸುಮಾರು 21 ಕೋಟಿ ರೂಪಾಯಿ!

ಪ್ಲಿಮತ್ ಎಂಬ ಹೆಸರು ನಮ್ಮ ಹಿರಿಯರಿಗೆ ತೀರ ಹೊಸದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಲ್ಲಿ ಕ್ರೈಸ್ಲರ್ ಸಂಸ್ಥೆಯ ಡಾಜ್ ಮತ್ತು ಪ್ಲಿಮತ್ ಕಾರುಗಳನ್ನು ಜೋಡಿಸುತ್ತಿದ್ದರು. ಅವು ಸಂಸಾರವಂದಿಗರ ಸೌಮ್ಯ ಕಾರುಗಳು. ಹೆಮಿ ಕುಡ ಬೇರೆಯೇ ಜಾತಿಯದು. ಅಮೆರಿಕದವರು ಇದನ್ನು 'ಮಸಲ್ ಕಾರ್' ಎನ್ನುತ್ತಾರೆ. ನಾವು ಕಟ್ಟುಮಸ್ತು ಕಾರು ಎನ್ನಬಹುದು. ಸಾಧಾರಣ ಗಾತ್ರದ ಕಾರಿಗೆ ಭಾರೀ ಎಂಜಿನು ಕೂರಿಸಿ, ಯುವಕರ ಕೈಗೆಟಕುವ ಬೆಲೆಗೆ ಮಾರುವ ಈ ಪದ್ಧತಿ 1964ರ ಪಾಂಟಿಯಾಕ್ ಜಿ.ಟಿ.ಓ. ಕಾರಿನಿಂದ ಬಳಕೆಗೆ ಬಂತು.

'ಹೆಮಿ' ಎಂಬುದು ಎಂಜಿನಿನ ಹೆಸರು. ಅದರೊಳಗೆ ಪೆಟ್ರೋಲು ಉರಿಯುವ ಕೋಣೆಯ ಮೇಲ್ಭಾಗ ಅರ್ಧಗೋಳದ ಆಕಾರದ್ದು. ಭೂಗೋಳದ ಪಾಠದ ಅರ್ಧಗೋಳವೇ. ಈ ಆಕಾರದಿಂದಾಗಿ ದೊಡ್ಡ ಕವಾಟಗಳನ್ನು ಇಡಲು ಎಡೆ ಸಿಗುತ್ತದೆ, ಗಾಳಿ ಸರಾಗವಾಗಿ ಒಳಬಂದು ಹೊರಹೋಗುತ್ತದೆ. ಏಳು ಲೀಟರಿನ ಈ ಎಂಜಿನಿಗೆ ಕಂಪೆನಿ ಹೇಳಿದ ಶಕ್ತಿ 425 ಅಶ್ವಬಲ. 1964ರ ಡೇಟೋನಾ 500 ಪಂದ್ಯವನ್ನು ರಿಚರ್ಡ್ ಪೆಟ್ಟಿ ಗೆದ್ದದ್ದು ಇದೇ ಎಂಜಿನಿನ ಪ್ಲಿಮತ್ ಓಡಿಸಿ. 1966ರಿಂದ ರಸ್ತೆಯ ಕಾರುಗಳಿಗೂ ಅದು ದೊರೆಯತೊಡಗಿತು.

'ಕುಡ' ಎಂಬುದು ಬಾರಾಕುಡ ಎಂಬ ಹೆಸರಿನ ಮೊಟಕು ರೂಪ. ಅದು ಚೂಪು ಹಲ್ಲಿನ, ಉದ್ದ ಮೈಯ ಕಡಲ ಮೀನು. 1971ರ ಕಾರಿನ ಪಕ್ಕೆಯಲ್ಲಿ ಮೀನಿನ ಕಿವಿರಿನಂತೆ ನಾಲ್ಕು ಸೀಳುಗಳನ್ನೂ ಮಾಡಿದ್ದರು. ಬಾನೆಟ್ಟಿನ ನಡುವೆ ತೂತು ಕೊರೆದು, ಎಂಜಿನಿಗೇ ಜೋಡಿಸಿದ ಗಾಳಿಗೂಡು ಮೇಲೆ ಇಣುಕುವಂತೆ ಇಟ್ಟಿದ್ದರು. ಎಂಜಿನು ಅದುರಿದಾಗ ಆ ಗೂಡೂ ಅದುರುವುದು ನೋಡುವವರಿಗೊಂದು ಸೊಗಸು.

ಇಷ್ಟೆಲ್ಲ ಇದ್ದೂ ಕಾರು ಮಾರಾಟವಾಗಲಿಲ್ಲವೇಕೆ? ಮೊದಲನೆಯದಾಗಿ, ಹೆಮಿ ಎಂಜಿನು ಬೇಕೆಂದರೆ ಕಾರಿನ ಮೂಲ ಬೆಲೆಯ ಕಾಲು ಭಾಗದಷ್ಟು ಹೆಚ್ಚು ಹಣ ತೆರಬೇಕಿತ್ತು. ಎರಡನೆಯದಾಗಿ, ಇಂಥ ಕಾರು ಕೊಳ್ಳುವ ಯುವಕರಿಗೆ ವಿಮಾ ಕಂಪೆನಿಗಳು ವಿಪರೀತ ಕಂತು ಹೇರಿದ್ದವು. ಮೂರನೆಯದು, ಇದರ ಪೆಟ್ರೋಲಿನ ಹಸಿವು. ಇದಲ್ಲದೆ ವೇಗ ಬೇಕಾದವನಿಗೆ ಮಡಚುವ ಮಾಡು ಬೇಡ. ಅದಕ್ಕಾಗಿ ತಳವನ್ನು ಬಲಪಡಿಸಿದರೆ ಕಾರಿನ ಭಾರ ಹೆಚ್ಚುತ್ತದೆ. ಬಿಸಿಲು ಗಾಳಿ ಸವಿಯುತ್ತ ಸಾಗಬೇಕಾದವನಿಗೆ ಪಂದ್ಯದ ಎಂಜಿನು ಬೇಡ. ಎರಡನ್ನೂ ಒಟ್ಟಿಗೆ ಬಯಸಿದವರು ಬೆರಳೆಣಿಕೆಯವರು. ಬಲ್ಲವರ ಲೆಕ್ಕದಂತೆ 1971ರಲ್ಲಿ ಹೀಗೆ ತಯಾರಾದ ಕಾರುಗಳು ಕೇವಲ ಹನ್ನೊಂದು. ಅವುಗಳಲ್ಲಿ ಏಳು ಮಾತ್ರ ಅಮೆರಿಕದಲ್ಲಿ ಮಾರಾಟಕ್ಕೆಂದು ಮಾಡಿದವು.

ಆ ವರ್ಷಕ್ಕೇ ಹೆಮಿ ಎಂಜಿನೂ ಮಡಚುವ ಮಾಡಿನ ಬಾರಾಕುಡವೂ ನಿಂತವು. 1970ರ ವಾಯು ಶುದ್ಧಿ ಕಾಯಿದೆ ಹೊಗೆಗೆ ಮಿತಿ ಹಾಕಿತ್ತು. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆ ನಿಲ್ಲಿಸಿದಾಗ ಅಮೆರಿಕದ ಪೆಟ್ರೋಲು ಬಂಕುಗಳ ಮುಂದೆ ಸಾಲು ಬೆಳೆಯಿತು. 1974ರಲ್ಲಿ ಬಾರಾಕುಡ ಹೆಸರೇ ಮುಗಿಯಿತು. 2001ರಲ್ಲಿ ಪ್ಲಿಮತ್ ಹೆಸರೂ ಅಳಿಯಿತು. ಅಂದು ಹುಡುಗರಾಗಿ ಈ ಕಾರುಗಳ ಚಿತ್ರ ನೋಡಿ ಬಾಯಿ ಚಪ್ಪರಿಸಿದವರು ನಡುವಯಸ್ಸಿಗೆ ಬಂದು ನಾಲ್ಕು ಕಾಸು ಕಂಡಾಗ ಅವುಗಳನ್ನು ಹುಡುಕತೊಡಗಿದರು. ಆದರೆ ಸಿಗಬೇಕಾದರೆ ಇರಬೇಕಲ್ಲ!

ವಸ್ತು ಅಪರೂಪವಾದಲ್ಲಿ ನಕಲಿಯೂ ಹುಟ್ಟುತ್ತದೆ. ಸಾದಾ ಬಾರಾಕುಡಕ್ಕೆ ಬೇರೆಡೆಯ ಹೆಮಿ ಎಂಜಿನು ಕೂರಿಸಿ, ಬಣ್ಣ ಬಳಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯದು. 1996ರಿಂದ 2001ರ ತನಕ ನಡೆದ 'ನ್ಯಾಶ್ ಬ್ರಿಜಸ್' ಎಂಬ ದೂರದರ್ಶನ ಧಾರಾವಾಹಿಯ ನಾಯಕನ ಹಳದಿ ಕಾರು ಜಗತ್ತಿಗೆಲ್ಲ ಹೆಮಿ ಕುಡ ಎಂದೇ ಪರಿಚಿತ. ಚಿತ್ರೀಕರಣಕ್ಕೆ ಬಳಸಿದ್ದು ಹಾಗೆ ಕಾಣುವಂತೆ ಸಿಂಗರಿಸಿದ ಕಾರುಗಳನ್ನು. ಹಾಗಾಗಿ ಕೊಳ್ಳುವವರು ಮೊದಲು ನೋಡುವುದು ಕಾರಿನ ಅಂದವನ್ನಲ್ಲ, ಅದರ ಸಂಖ್ಯೆಯನ್ನು. ಅದು 'ಬಿ ಎಸ್ 27 ಆರ್ 1 ಬಿ' ಎಂದು ಮೊದಲಾಗಬೇಕು. 'ಬಿ' ಎಂದರೆ ಬಾರಾಕುಡ, '27' ಎಂದರೆ ಮಡಚುವ ಮಾಡು, 'ಆರ್' ಎಂದರೆ ಹೆಮಿ, '1' ಎಂದರೆ 1971, ಕೊನೆಯ 'ಬಿ' ಎಂದರೆ ಮಿಶಿಗನ್ ರಾಜ್ಯದ ಹ್ಯಾಮ್‌ಟ್ರಾಮಿಕ್ ಕಾರ್ಖಾನೆ. ನಡುವಿನ ಆ ಒಂದು 'ಆರ್' ಅಕ್ಷರದ ಬೆಲೆ ಕೋಟಿಗಟ್ಟಲೆ! ಎಂಜಿನಿನ ಮೇಲಿನ ಸಂಖ್ಯೆಯೂ ಕಾರಿನದರೊಂದಿಗೆ ತಾಳೆಯಾಗಬೇಕು.

ಇನ್ನೊಂದು ಸ್ವಾರಸ್ಯವಿದೆ. ಯಾವ ಕಾರಿಗೆ ಏನೇನು ಜೋಡಿಸಬೇಕೆಂದು ಕೆಲಸಗಾರರಿಗೆ ತಿಳಿಸುವ ಪಟ್ಟಿಯೊಂದನ್ನು ಕಾರ್ಖಾನೆಯಲ್ಲಿ ಮುದ್ರಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಅದು ರದ್ದಿ. ಎಷ್ಟೋ ವೇಳೆ ಅದು ಸೀಟಿನ ಸ್ಪ್ರಿಂಗುಗಳ ನಡುವೆಯೇ ಉಳಿದುಬಿಡುತ್ತಿತ್ತು. ಇಂದು ಹಳೆಯ ಸೀಟು ಬಿಚ್ಚುವಾಗ ಅದು ಸಿಕ್ಕಿದರೆ, ಕಾರು ಅಸಲಿಯೆಂಬುದಕ್ಕೆ ಅದೇ ದೊಡ್ಡ ಸಾಕ್ಷಿ.

ಬೇಸರದ ಮಾತೂ ಒಂದುಂಟು. ಓಡುವುದಕ್ಕೆಂದೇ ಹುಟ್ಟಿದ ಈ ಕಾರನ್ನು ಈಗ ಓಡಿಸುವವರು ವಿರಳ. ಗೀರು ಬಿದ್ದರೆ ಲಕ್ಷಗಳು ಹೋದಾವೆಂಬ ಭಯ. ಪೆಟ್ಟಿಗೆಯಲ್ಲೇ ಉಳಿಯುವ ಒಡವೆಯಂತೆ ಇದೂ ಒಳಗೇ ನಿಂತಿರುತ್ತದೆ.

ನಮ್ಮ ಅಂಗಳಕ್ಕೆ ಇಂಥ ಕಾರು ಬರಲಾರದು, ಬರಬೇಕೆಂದೂ ಇಲ್ಲ. ಆದರೆ ಅಜ್ಜನ ಕಾಲದ ಗೋಡೆ ಗಡಿಯಾರ, ಹೊಲಿಗೆ ಯಂತ್ರ, ರೇಡಿಯೋ ನಮ್ಮಲ್ಲೂ ಹಲವರ ಅಟ್ಟದಲ್ಲಿ ಇರಬಹುದು. ಅವುಗಳ ಜೊತೆಗಿನ ಹಳೆಯ ರಶೀದಿ, ಕೈಬರಹದ ಚೀಟಿಗಳನ್ನು ಗುಜರಿಯವನ ಗೋಣಿಗೆ ಹಾಕುವ ಮುಂಚೆ ಒಮ್ಮೆ ಓದಿ ನೋಡುವುದು ಒಳ್ಳೆಯದು.