ಅಂಗಡಿಗೆ ಹಿಂದಿರುಗಿಸಲಾಗದ ವಸ್ತು

ಅರಕಲಗೂಡಿನ ನಮಗೆ ಹಾಸನ ಎಂದರೆ ಜಿಲ್ಲಾಸ್ಪತ್ರೆ, ಡಿಸಿ ಕಚೇರಿ, ಮದುವೆಯ ಜವಳಿ. ಆದರೆ ಅದೇ ಹಾಸನದ ಸಾಲಗಾಮೆ ರಸ್ತೆಯಲ್ಲಿ, ಆಕಾಶದತ್ತ ಮುಖ ಮಾಡಿದ ದೊಡ್ಡ ದೊಡ್ಡ ಬೋಗುಣಿಗಳಂಥ ಆಂಟೆನಾಗಳಿರುವ ಒಂದು ಆವರಣವಿದೆ. ಅದು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಜನರ ಬಾಯಲ್ಲಿ 'ಎಂ.ಸಿ.ಎಫ್.' 1982ರಿಂದ ಅದು ಕೆಲಸ ಮಾಡುತ್ತಿದೆ. 2005ರಲ್ಲಿ ಭೋಪಾಲದಲ್ಲೂ ಇಂಥದೇ ಇನ್ನೊಂದು ಕೇಂದ್ರ ಆರಂಭವಾಯಿತು.

ಹೊಸ ಕುಕ್ಕರ್ ತಂದರೆ ನೀವೇನು ಮಾಡುತ್ತೀರಿ? ಮೊದಲು ಬರೀ ನೀರು ಹಾಕಿ ಒಲೆಯ ಮೇಲಿಡುತ್ತೀರಿ. ಸೀಟಿ ಬರುತ್ತದೆಯೇ, ಆವಿ ಸೋರುತ್ತದೆಯೇ ಎಂದು ನೋಡುತ್ತೀರಿ. ದೋಷವಿದ್ದರೆ ಅಂಗಡಿಗೆ ಹಿಂದಿರುಗಿಸುತ್ತೀರಿ. ಉಪಗ್ರಹವನ್ನೂ ಹೀಗೆಯೇ ಪರೀಕ್ಷಿಸಬೇಕು. ಆದರೆ ಅದಿರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಹಿಂದಿರುಗಿಸುವ ಮಾತೇ ಇಲ್ಲ.

ರಾಕೆಟ್ ತನ್ನ ಹೊರೆಯನ್ನು ಇಳಿಸಿದೊಡನೆ ಟಿ.ವಿ.ಯಲ್ಲಿ ಚಪ್ಪಾಳೆ ಕೇಳುತ್ತೇವೆ. ಹಾಸನದವರ ನಿಜವಾದ ಕೆಲಸ ಶುರುವಾಗುವುದೇ ಆಗ. ಉಪಗ್ರಹದ ಎಂಜಿನನ್ನು ಹಂತ ಹಂತವಾಗಿ ಉರಿಸಿ ಅದನ್ನು ಮೇಲಿನ ಕಕ್ಷೆಗೆ ಏರಿಸಬೇಕು. ಮಡಚಿಟ್ಟ ಸೌರ ಫಲಕಗಳನ್ನೂ ಆಂಟೆನಾಗಳನ್ನೂ ಬಿಚ್ಚಿಸಬೇಕು. ಬ್ಯಾಟರಿ, ಬಿಸಿ, ಇಂಧನದ ಒತ್ತಡ ಎಲ್ಲವನ್ನೂ ಅದು ಕಳಿಸುವ ಅಂಕಿಗಳಲ್ಲೇ ಓದಬೇಕು. ಬಳಿಕ ಒಂದೊಂದೇ ಉಪಕರಣವನ್ನು ಚಾಲೂ ಮಾಡಿ ನೋಡಬೇಕು. ಉಪಗ್ರಹವನ್ನು ತುಸುವೇ ಓರೆ ಮಾಡುತ್ತಾ, ಅದರ ಸಂಕೇತ ಎಲ್ಲೆಲ್ಲಿ ಎಷ್ಟು ಬಲವಾಗಿ ಬೀಳುತ್ತದೆ ಎಂದು ನೆಲದಿಂದ ಅಳೆಯುತ್ತಾರೆ. ಈ ಪರೀಕ್ಷೆಗಳು ಮುಗಿದ ನಂತರವೇ ಅದು ನಮ್ಮ ಟಿ.ವಿ.ಗೆ, ಫೋನಿಗೆ, ಹವಾಮಾನ ವರದಿಗೆ ಒದಗುತ್ತದೆ.

ಈ ಮೊದಲ ದಿನಗಳು ಬಾಣಂತಿಕೋಣೆಯ ದಿನಗಳಿದ್ದಂತೆ. ಒಂದು ಗಳಿಗೆಯೂ ಕಣ್ಣು ತಪ್ಪಿಸುವಂತಿಲ್ಲ. 1982ರ ಏಪ್ರಿಲ್ 10ರಂದು ಹಾರಿದ ಇನ್ಸಾಟ್-1ಎ ಕಥೆಯನ್ನೇ ನೋಡಿ. ಅದರ ಒಂದು ಆಂಟೆನಾ ಬಿಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ದಿನಗಟ್ಟಲೆ ಹೆಣಗಿ ಅದನ್ನು ಬಿಚ್ಚಿಸಿದರು. ಆದರೆ ಬಿಸಿಲಿನ ಒತ್ತಡವನ್ನು ಸರಿದೂಗಿಸಬೇಕಿದ್ದ ಸೌರ ಪಟ ತೆರೆಯಲೇ ಇಲ್ಲ. ಸಮತೋಲ ಕಾಯಲು ಇಂಧನ ಸುಡುತ್ತಾ ಹೋಗಿ, ಸೆಪ್ಟೆಂಬರ್‌ನಲ್ಲಿ ಅದು ಬರಿದಾಯಿತು. ಏಳು ವರ್ಷ ಬಾಳಬೇಕಿದ್ದ ಉಪಗ್ರಹ ಅರ್ಧ ವರ್ಷವೂ ಬಾಳಲಿಲ್ಲ.

1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಹೋಯಿತು. ಅದರ ಸೌರ ಫಲಕವೂ ಸಿಕ್ಕಿಕೊಂಡಿತು! ಹಾಸನದ ಎಂಜಿನಿಯರುಗಳು ಕೈಚೆಲ್ಲಲಿಲ್ಲ. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಫಲಕ ಬಿಚ್ಚಿಕೊಂಡಿತು. ಮುಂದೆ ಊರೂರಿಗೆ ದೂರದರ್ಶನ ತಲುಪಿದ್ದು ಅದೇ ಉಪಗ್ರಹದ ನೆರವಿನಿಂದ.

ಅನುಭವ ಬೆಳೆದ ಮೇಲೂ ಅಪಾಯ ತಪ್ಪಿದ್ದಲ್ಲ. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಎರಡನೆಯ ಬಾರಿ ಎಂಜಿನ್ ಉರಿಸಿದ ಬಳಿಕ ಮಾತು ನಿಲ್ಲಿಸಿತು. ಎಷ್ಟು ಕರೆದರೂ ಓಗೊಡಲಿಲ್ಲ. ಇತ್ತ 2024ರ ಫೆಬ್ರವರಿ 17ರಂದು ಹೋದ ಹವಾಮಾನ ಉಪಗ್ರಹ ಇನ್ಸಾಟ್-3ಡಿಎಸ್ ಎಲ್ಲ ಹಂತಗಳನ್ನು ದಾಟಿ, ಮಾರ್ಚ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಕಳಿಸಿತು. ಚಂಡಮಾರುತದ ಸುಳಿವು ಮೊದಲೇ ಸಿಕ್ಕರೆ ಕಡಲಿಗೆ ಹೋದ ಗಂಡ, ಮಗ ಮನೆಗೆ ಮರಳುತ್ತಾರೆ. ಆ ಪರೀಕ್ಷೆಗಳ ಬೆಲೆ ಮೀನುಗಾರರ ಮನೆಯ ಹೆಂಗಸರಿಗೆ ಗೊತ್ತು.

ಸಹೋದರಿಯರೇ, ಇದೆಲ್ಲ ಗಂಡಸರ ಕೆಲಸವೆಂದು ಭಾವಿಸಬೇಡಿ. 2011ರ ಜುಲೈ 15ರಂದು ಹಾರಿದ ಜಿಸ್ಯಾಟ್-12ರ ಯೋಜನಾ ನಿರ್ದೇಶಕಿ ಟಿ.ಕೆ. ಅನುರಾಧಾ ಎಂಬ ಮಹಿಳೆ. ಆ ಉಪಗ್ರಹವನ್ನು ಹಂತ ಹಂತವಾಗಿ ಮೇಲೇರಿಸಿದ್ದೂ ಹಾಸನದಿಂದಲೇ. ಅಂಕಿಗಳನ್ನು ತಾಳ್ಮೆಯಿಂದ ಓದುವುದು, ಸಣ್ಣ ಏರುಪೇರನ್ನು ಕೂಡಲೇ ಗುರುತಿಸುವುದು, ಗಾಬರಿಯಾಗದೆ ಇನ್ನೊಂದು ದಾರಿ ಹುಡುಕುವುದು ಈ ಕೆಲಸಕ್ಕೆ ಬೇಕಾದ ಗುಣಗಳು. ಜ್ವರ ಬಂದ ಮಗುವಿನ ಪಕ್ಕ ರಾತ್ರಿಯಿಡೀ ಕೂತ ತಾಯಿಯಲ್ಲಿ ಇವು ಇಲ್ಲವೆನ್ನಲು ಸಾಧ್ಯವೇ?

ನಿಮ್ಮ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನ ಓದುತ್ತೇನೆಂದರೆ "ನಮಗೇಕೆ ಅದೆಲ್ಲ" ಎನ್ನುವ ಮೊದಲು ಒಂದು ಮಾತು ನೆನಪಿರಲಿ. ಆಕಾಶದ ಆ ಉಪಗ್ರಹಗಳನ್ನು ನೋಡಿಕೊಳ್ಳುವ ಕೋಣೆ ಅಮೆರಿಕದಲ್ಲಿಲ್ಲ. ನಮ್ಮೂರ ಬಸ್ಸು ಹೋಗುವಷ್ಟು ಹತ್ತಿರದಲ್ಲಿದೆ.