ಕಟ್ಟೆ ಎನ್ನುವ ಸಾಗರ, ಅಂಬುಧಿ ಎನ್ನುವ ಕೆರೆ

ಮಳೆಗಾಲ ಹಿಡಿಯಿತೆಂದರೆ ಮೈಸೂರಿಗರ ಬಾಯಲ್ಲಿ ಒಂದೇ ಪ್ರಶ್ನೆ: ‘ಕಟ್ಟೆ ಎಷ್ಟಕ್ಕೆ ಬಂತು?’ 49.45 ಟಿಎಂಸಿ ನೀರು ಹಿಡಿಯುವ ಕೃಷ್ಣರಾಜಸಾಗರ ನಮ್ಮ ಬಾಯಲ್ಲಿ ಬರೀ ಕನ್ನಂಬಾಡಿ ಕಟ್ಟೆ. ದನ ಮೈ ತೊಳೆಯುವ ಹೊಂಡಕ್ಕೂ ಅದೇ ಹೆಸರು. ನೀರಿನ ಮಟ್ಟ 124.80 ಅಡಿ ಮುಟ್ಟಿತೆಂದು ಪತ್ರಿಕೆಯಲ್ಲಿ ಬಂದರೆ ಸಾಕು, ಭಾನುವಾರ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಇಪ್ಪತ್ತು ಕಿ.ಮೀ. ಹೋಗಿ ನೀರು ನೋಡಿ ಬರುವವರು ಮನೆ ಹಿಂದಿನ ಕೆರೆಯ ಏರಿ ಹತ್ತಿರುವುದಿಲ್ಲ ಎಂಬುದು ನನ್ನ ತಕರಾರು.

ಮೈಸೂರು ಹೊಳೆ ದಂಡೆಯ ಊರಲ್ಲ. ಕಾವೇರಿ ಉತ್ತರಕ್ಕೆ, ಕಪಿಲೆ ದಕ್ಷಿಣಕ್ಕೆ. ಊರು ನಡುವಿನ ದಿಬ್ಬದ ಮೇಲೆ. ಬಿದ್ದ ಮಳೆಗೆ ಏರಿ ಹಾಕಿ ನಿಲ್ಲಿಸಿಕೊಳ್ಳದೆ ವಿಧಿಯಿರಲಿಲ್ಲ. ದಿವಾನ್ ಪೂರ್ಣಯ್ಯ ನಾಲೆ ತೋಡಿಸಿ ಕಾವೇರಿಯನ್ನೇ ಊರಿಗೆ ತರಲು ಹೊರಟಿದ್ದರು, ಕೆಲಸ ಪೂರೈಸಲಿಲ್ಲ. ಮುಂದೆ ಆ ಪೂರ್ಣಯ್ಯ ನಾಲೆಯೇ ಮಳೆನೀರು ಹೊತ್ತು ಕುಕ್ಕರಹಳ್ಳಿ ಕೆರೆ ತುಂಬಿಸುವ ಕಾಲುವೆಯಾಯಿತು.

ಕುಕ್ಕರಹಳ್ಳಿ ಕೆರೆ 1864ರದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ್ದು ಬೇಸಾಯದ ನೀರಿಗಾಗಿ. ಅಚ್ಚುಕಟ್ಟು ಬಡಾವಣೆಯಾಯಿತು, ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಗೆ ಬಂತು. ಕುವೆಂಪು ಅಡ್ಡಾಡುತ್ತಿದ್ದ ಏರಿಯ ಮೇಲೆ ಈಗ ಮೊಬೈಲಿನಲ್ಲಿ ಹೆಜ್ಜೆ ಎಣಿಸುವವರ ಸಾಲು. ಒಂದು ಗಳಿಗೆ ಲೆಕ್ಕ ಬಿಟ್ಟು ಹೆಜ್ಜಾರ್ಲೆಯನ್ನು ನೋಡಿ. ಕೊಕ್ಕಿನ ಚೀಲದಲ್ಲಿ ನೀರನ್ನೂ ಮೀನನ್ನೂ ಒಟ್ಟಿಗೆ ಮೊಗೆಯುತ್ತದೆ. ಕೊಕ್ಕು ತಗ್ಗಿಸಿ, ಅನ್ನ ಬಸಿದ ಹಾಗೆ ನೀರು ಬಸಿದು, ಆಮೇಲೆ ತಲೆಯೆತ್ತಿ ಗುಳುಂ. ಗಾಳಿಯಲ್ಲಿ ರೆಕ್ಕೆ ಬಿಚ್ಚಿ ತೇಲುವ ಆ ಭಾರಿ ಹಕ್ಕಿ ನೀರಿನಿಂದ ಏಳುವಾಗ ಮಾತ್ರ ಬಸ್ಸು ತಪ್ಪಿದವರಂತೆ ದಡಬಡ ಓಡುತ್ತದೆ.

ಲಿಂಗಾಂಬುಧಿ ಕೆರೆಗೆ ಇನ್ನೂ ಹೆಚ್ಚು ವಯಸ್ಸು. 1828ರಲ್ಲಿ ಇದೇ ಮುಮ್ಮಡಿಯವರು ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದರು. ಅಂಬುಧಿಯೆಂದರೆ ಸಮುದ್ರ. ರಾಣಿಯ ಹೆಸರಿನ ಕೆರೆ ಸಮುದ್ರವಾಯಿತು, ಸಮುದ್ರದಂಥ ಜಲಾಶಯ ಕಟ್ಟೆಯಾಯಿತು; ಅರಮನೆಯ ಬಾಯಿಗೂ ಊರಿನ ಬಾಯಿಗೂ ಇರುವ ವ್ಯತ್ಯಾಸವಿದು. ಸುತ್ತ ಬಡಾವಣೆಗಳು ಎದ್ದ ಮೇಲೆ ಈ ಸಮುದ್ರಕ್ಕೆ ಚರಂಡಿ ನೀರಿನ ಕಾಟವೂ ಅಂಟಿತು.

ಇಷ್ಟಾದರೂ ಇವು ಬದುಕಿರುವ ಕೆರೆಗಳು. ಸುಬ್ಬರಾಯನಕೆರೆಯಲ್ಲಿ ಕೆರೆಯಿಲ್ಲ, ಉದ್ಯಾನವಿದೆ. ದಸರಾ ವಸ್ತುಪ್ರದರ್ಶನದಲ್ಲಿ ನಾವು ಹಪ್ಪಳ ಕಡಿಯುತ್ತಾ ಸುತ್ತುವ ದೊಡ್ಡಕೆರೆ ಮೈದಾನ ಹೆಸರಿಗೆ ತಕ್ಕಂತೆ ಕೆರೆಯೇ ಆಗಿತ್ತು. ಕೆರೆ ಸಾಯುವುದಕ್ಕೆ ಏರಿ ಒಡೆಯಬೇಕಿಲ್ಲ. ನೀರು ತರುವ ಕಾಲುವೆಯ ಮೇಲೆ ನಾಲ್ಕು ಸೈಟು ಎದ್ದರೆ ಸಾಕು.

ಕನ್ನಂಬಾಡಿಗೂ ಹೋಗಬೇಡಿ ಎನ್ನಲಾರೆ. 1911ರಲ್ಲಿ ಶುರುವಾದ ಕಟ್ಟೆ ಅದು. ಕಲ್ಲಿಗೆ ಕಲ್ಲು ಬೆಸೆದದ್ದು ಸಿಮೆಂಟಲ್ಲ, ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆ. ಅಲ್ಲಿಯೇ ಅಣೆಕಟ್ಟೆಯ ಕನಸು ಕಂಡಿದ್ದ ಟಿಪ್ಪುವಿನ 1794ರ ಶಾಸನ ಪಾಯ ತೆಗೆಯುವಾಗ ಸಿಕ್ಕಿತು. ನೀರಿನಡಿ ಹೋದ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಂಡೆಯಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಬೃಂದಾವನದ ದೀಪಗಳಿಗಿಂತ ಮೊದಲು ಅದನ್ನು ನೋಡಿ.

ಆದರೆ ಬರುವ ಭಾನುವಾರ ಮಾತ್ರ ಕಾರು ಮನೆಯಲ್ಲೇ ಇರಲಿ. ಬೆಳಗ್ಗೆ ಕುಕ್ಕರಹಳ್ಳಿ, ತಿಂಡಿ ಮುಗಿಸಿ ಕಾರಂಜಿ ಕೆರೆಗೆ ಸಿಟಿ ಬಸ್ಸು. ಭಾನುವಾರ ಆಗದಿದ್ದರೆ ವಾರದ ನಡುವೆ ಯಾವತ್ತಾದರೂ ಹೋಗಿ. ಕಾರಂಜಿಗೆ ಮಂಗಳವಾರ ರಜೆ.